ಲೇಸರ್‌ಗೆ ನಾಲ್ಕು ಸ್ಟಾರ್, ತಾರೀಖಿನ ಕಾರ್ಡಿಗೆ ಒಂದು

ಮೊಡವೆ ಬಿಟ್ಟುಹೋದ ಗುಳಿಗಳಿಗೆ ಫ್ರ್ಯಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್, ಕಲೆಗಳಿಗೆ ಕ್ಯೂ-ಸ್ವಿಚ್ಡ್ ಲೇಸರ್, ನಡುನಡುವೆ ಆಮ್ಲ ಸವರಿ ಚರ್ಮದ ಮೇಲ್ಪದರ ಸುಲಿಸುವ ಕೆಮಿಕಲ್ ಪೀಲ್. ಇದಿಷ್ಟು ನಾನು ಕೊಂಡ ಪ್ಯಾಕೇಜ್. ಯಂತ್ರದ ಗುಣಗಾನವೆಲ್ಲ ಕ್ಲಿನಿಕ್‌ನ ಕರಪತ್ರದಲ್ಲೇ ಇರುತ್ತೆ, ಅದನ್ನು ಬಿಡಿ. ನನ್ನ ತಕರಾರು ಟೈಮ್‌ಟೇಬಲ್ ಮೇಲೆ.

ದುಡ್ಡು ಕಟ್ಟಿದ ದಿನವೇ ಎಲ್ಲಾ ಸೆಷನ್‌ಗಳ ತಾರೀಖು ತುಂಬಿದ ಕಾರ್ಡ್ ಕೈಗಿಟ್ಟರು. ನಾಲ್ಕು ವಾರಕ್ಕೊಮ್ಮೆ ಹಾಜರಿ, ಎರಡರ ಮಧ್ಯೆ ಪೀಲ್. ಹಿಂದಿನ ಸಲದ ಕೆಂಪು ಇಳಿದಿದೆಯೋ ಇಲ್ಲವೋ ನೋಡುವವರಿಲ್ಲ. ಮುಂದೂಡೋಣ ಅಂದರೆ "ವ್ಯಾಲಿಡಿಟಿ ಮುಗಿದುಹೋಗುತ್ತೆ ಮೇಡಂ" ಅನ್ನೋ ಉತ್ತರ. ಕಡೆಗೆ ಗುಳಿ ತುಂಬುವ ಮೊದಲೇ ಕೆನ್ನೆಯ ಮೇಲೆ ಹೊಸ ಕಂದು ಮಚ್ಚೆಗಳು ಎದ್ದವು. ಕಂದು ಚರ್ಮಕ್ಕೆ ಉರಿ ಕೊಟ್ಟರೆ ಅದು ಬಣ್ಣ ಸುರಿದೇ ಪ್ರತಿಭಟಿಸುತ್ತದೆ. ಲೇಸರ್ ಹಿಡಿಯುವವರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ.

ಬೇರೆ ಚರ್ಮವೈದ್ಯೆಯ ಹತ್ತಿರ ಹೋದೆ. ಅವರು ಕಾರ್ಡ್ ಕೇಳಲಿಲ್ಲ. ಕಿಟಕಿ ಬೆಳಕಿಗೆ ಕೆನ್ನೆ ಓರೆ ಮಾಡಿಸಿ ನೋಡಿ, "ಈ ಕಂದು ಹೋಗೋವರೆಗೂ ಏನೂ ಬೇಡಮ್ಮ" ಅಂದರು. ಫ್ರ್ಯಾಕ್ಷನಲ್ ಲೇಸರ್ ಚರ್ಮದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯಗಳನ್ನು ಬಿಡಿಬಿಡಿಯಾಗಿ ಮಾಡುತ್ತದೆ. ಸುತ್ತಲಿನ ಒಳ್ಳೆ ಚರ್ಮವೇ ಅವನ್ನು ಮುಚ್ಚಬೇಕು. ಮೇಲ್ಪದರ ಒಂದು ವಾರದಲ್ಲಿ ಸರಿಹೋದರೂ ಒಳಗೆ ಚರ್ಮಕ್ಕೆ ಗಟ್ಟಿತನ ಕೊಡುವ ಕೊಲಾಜನ್ ಅನ್ನೋ ಪ್ರೋಟೀನ್ ಕಟ್ಟುವ ಕೆಲಸ 3ರಿಂದ 6 ತಿಂಗಳು ನಡೆಯುತ್ತಲೇ ಇರುತ್ತದಂತೆ. ಅಂದರೆ ಆ ಕಾರ್ಡ್‌ನವರು ಫಲಿತಾಂಶ ಬರುವ ಮೊದಲೇ ಮರುಪರೀಕ್ಷೆ ಇಡುತ್ತಿದ್ದರು!

ಈಗ ಪೀಲ್ ಪೂರ್ತಿ ಬಂದ್. ಮುಖಕ್ಕೆ ಹಚ್ಚುವ ರೆಟಿನಾಲ್ (ವಿಟಮಿನ್ ಎ) ಕ್ರೀಮನ್ನು ಸೆಷನ್‌ಗೆ ಒಂದು ವಾರ ಮುಂಚೆಯೇ ನಿಲ್ಲಿಸುತ್ತೇನೆ. ಒಂದೇ ದಿನ ಎರಡು ಲೇಸರ್ ಬೇಕಾದರೆ ಕಲೆಯ ಬಣ್ಣ ತೆಗೆಯುವುದು ಮೊದಲು, ಚರ್ಮ ಕೆತ್ತುವ ಫ್ರ್ಯಾಕ್ಷನಲ್ ಕೊನೆಗೆ. ಸುಕ್ಕಿಗೆ ಚುಚ್ಚುವ ಬೊಟಾಕ್ಸ್ ಇಂಜೆಕ್ಷನ್ ಸೇರಿಸೋಣವೇ ಅಂತ ಕೇಳಿದ್ದಕ್ಕೆ "ಆಮೇಲೆ ನೋಡೋಣ" ಅಂದುಬಿಟ್ಟರು. ಮುಖ ಊದಿಕೊಂಡಿರುವಾಗ ಔಷಧ ಬೇಡದ ಕಡೆ ಹರಡಬಾರದು ಅಂತ.

ಹೀಗೆ ಬಿಡುವು ಕೊಟ್ಟು ಮಾಡಿಸಿಕೊಂಡ ಮೇಲೆ, ಸೆಷನ್ ನಂತರದ ವಾರ ನನಗೆ ಒಂಥರಾ ಇಷ್ಟವೇ ಆಗಿಬಿಟ್ಟಿದೆ. ತಣ್ಣೀರು ಚಿಮುಕಿಸಿ, ಮೆತ್ತನೆ ಬಟ್ಟೆಯನ್ನು ಒತ್ತಿ ತೆಗೆದು, ಪೆಟ್ರೋಲಿಯಂ ಜೆಲ್ಲಿ ಸವರುವುದು. ಉಜ್ಜುವಂತಿಲ್ಲ. ಮೂರ್ನಾಲ್ಕು ದಿನಕ್ಕೆ ಕೆನ್ನೆ ಉಪ್ಪು ಕಾಗದದ ಹಾಗೆ ಒರಟಾಗುತ್ತದೆ. ಆ ಸಣ್ಣ ಗಾಯಗಳ ಹೆಕ್ಕಳೆಗಳು ಕಂದು ಚುಕ್ಕೆಗಳಾಗಿ ಸಾಲಾಗಿ ಕಾಣುತ್ತವೆ. ಕೆರೆದು ಕೀಳಬೇಕೆನ್ನುವ ಬೆರಳನ್ನು ತಡೆಯುವುದೇ ದೊಡ್ಡ ತಪಸ್ಸು. ಆಮೇಲೆ ಒಂದು ಬೆಳಿಗ್ಗೆ ಮೂಗಿನ ಪಕ್ಕದಿಂದ ಶುರುವಾಗಿ ತಾವೇ ಉದುರುತ್ತವೆ. ಸನ್‌ಸ್ಕ್ರೀನ್ ಬಣ್ಣದ್ದೇ ಬೇಕು. ಅದರಲ್ಲಿನ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ಕಲೆ ಏಳುವ ಚರ್ಮಕ್ಕೆ ಅದೇ ಮುಖ್ಯ. ನನ್ನ ಕುರ್ತಾಗಳ ಕೊರಳಪಟ್ಟಿಯ ಗತಿ ಮಾತ್ರ ಕೇಳಬೇಡಿ.

ಗುಳಿಗಳು ಮಾಯವಾಗಿಲ್ಲ, ಆಳ ಕಮ್ಮಿಯಾಗಿವೆ. ಓರೆ ಬೆಳಕಲ್ಲಿ ಈಗಲೂ ಕಾಣುತ್ತವೆ. ನನ್ನಂಥ ಸಂಬಳದವರಿಗೆ ಇನ್ನೊಂದು ಲಾಭವೂ ಇದೆ: ಸೆಷನ್ ದೂರದೂರವಾದಷ್ಟೂ ದುಡ್ಡು ಹೊಂದಿಸಲು ಪುರಸೊತ್ತು. ಒಂದೊಂದಕ್ಕೇ ಹಣ ಕೊಡುವ ಕಡೆ ಹೋಗಿ, ಪ್ಯಾಕೇಜ್ ಬೇಡ. ಹಳೇ ಕ್ಲಿನಿಕ್‌ನವರು ಉಳಿದ ಪೀಲ್‌ಗಳ ಹಣ ವಾಪಸ್ ಕೊಡಲಿಲ್ಲ. ಬದಲಿಗೆ ಹೇರ್ ರಿಮೂವಲ್ ಮಾಡಿಸಿಕೊಳ್ಳಿ ಅಂತ ಈಗಲೂ ಮೆಸೇಜ್ ಕಳಿಸುತ್ತಾರೆ.