ಮನಾಮಾದಿಂದ ಬ್ರಹ್ಮಾವರಕ್ಕೆ ಹದಿನಾಲ್ಕು ಪೆಟ್ಟಿಗೆ: ಒಂದು ಕಾರ್ಗೋ ಸೇವೆಯ ಬಗ್ಗೆ

ಹತ್ತೊಂಬತ್ತು ವರ್ಷ ಬಹ್ರೈನಿನ ಮನಾಮಾದಲ್ಲಿ ಸಂಸಾರ ನಡೆಸಿ, 2023ರ ಜೂನ್‌ನಲ್ಲಿ ನಾವು ಬ್ರಹ್ಮಾವರದ ಮನೆಗೆ ಮರಳಿದೆವು. ನಮ್ಮ ಸಾಮಾನುಗಳನ್ನು ಅಲ್ಲಿ ಕಟ್ಟಿ, ಹಡಗಿನಲ್ಲಿ ತಂದು, ಇಲ್ಲಿ ಅಂಗಳಕ್ಕೆ ಇಳಿಸಿಕೊಟ್ಟ ಕಾರ್ಗೋ ಸೇವೆಯ ಬಗ್ಗೆ ಇದನ್ನು ಬರೆಯುತ್ತಿದ್ದೇನೆ. ಉಡುಪಿ, ಮಂಗಳೂರು ಕಡೆಗೆ ಕಾಯಂ ಆಗಿ ಹಿಂದಿರುಗುವವರು ಸಾಮಾನ್ಯವಾಗಿ ಕಿಲೋ ದರವನ್ನು ಮಾತ್ರ ವಿಚಾರಿಸಿ ಕಾರ್ಗೋ ಆರಿಸುತ್ತಾರೆ, ನಾವೂ ಮೊದಲು ವಿಚಾರಿಸಿದ್ದು ದರವನ್ನೇ. ಆದರೆ ಊರು ಬಿಡುವ ಕೊನೆಯ ಎರಡು ದಿನ ನಮ್ಮ ಮನೆಯೊಳಗೆ ಓಡಾಡುವವರು ಈ ಕೆಲಸಗಾರರೇ ಆಗಿರುತ್ತಾರೆ ಎಂಬುದನ್ನು ನಾವು ಯೋಚಿಸಿರಲಿಲ್ಲ.

ಗಲ್ಫ್‌ನಲ್ಲಿ ನಮ್ಮಂಥ ಸಂಬಳದವರ ವೀಸಾ ಕೆಲಸಕ್ಕೆ ಕಟ್ಟಿಕೊಂಡಿರುತ್ತದೆ. ನನ್ನ ಯಜಮಾನರ ಕೆಲಸ ಮುಗಿದು ವೀಸಾ ಕ್ಯಾನ್ಸಲ್ ಆದ ಮೇಲೆ, ಹತ್ತೊಂಬತ್ತು ವರ್ಷ ಬಾಡಿಗೆ ಕಟ್ಟಿದ ಮನೆಯ ಕೀಲಿಯನ್ನು ಒಪ್ಪಿಸಿ ಹೊರಡಲೇಬೇಕು. ಮತ್ತೆ ಹೋದರೂ ಅತಿಥಿಗಳಾಗಿ ಹೋಗಬಹುದೇ ಹೊರತು ಆ ನೆರೆಹೊರೆಗೆ ನೆರೆಹೊರೆಯವರಾಗಿ ಮರಳಲಾಗದು. ಮನಾಮಾದ ಗುದೈಬಿಯಾ ಬಡಾವಣೆಯ ನಮ್ಮ ಕಟ್ಟಡದಲ್ಲಿ ಕರಾವಳಿಯ ಒಂಬತ್ತು ಮನೆಗಳಿದ್ದವು. ಹಬ್ಬಕ್ಕೆ ಕನ್ನಡ ಸಂಘ, ಅಷ್ಟಮಿಗೆ ಇನ್ನೂರು ವರ್ಷ ದಾಟಿದ ಶ್ರೀನಾಥಜಿ ದೇವಾಲಯ, ಹೆರಿಗೆಗೆ ಮತ್ತು ಜ್ವರಕ್ಕೆ ಪಕ್ಕದ ಮನೆಯ ಅಕ್ಕಂದಿರು: ನಮ್ಮ ಮಕ್ಕಳು ಬೆಳೆದದ್ದು ಈ ಆಸರೆಯಲ್ಲಿ. ಸಂಘದವರು ಹಾರ ಹಾಕಿ ಬೀಳ್ಕೊಟ್ಟ ಕಾರ್ಯಕ್ರಮದಲ್ಲಿ ನಾನು ಅಳಲಿಲ್ಲ. ಅಳು ಬಂದದ್ದು ಶುಕ್ರವಾರ ಬೆಳಿಗ್ಗೆ, ರಟ್ಟಿನ ಪೆಟ್ಟಿಗೆಗಳು ಮೆಟ್ಟಿಲು ಹತ್ತಿ ಬಂದಾಗ.

ಪ್ಯಾಕಿಂಗ್ ತಂಡದ ಮೇಲ್ವಿಚಾರಕ ಕಾಸರಗೋಡಿನ ಯುವಕ, ನಮ್ಮೊಡನೆ ತುಳುವಿನಲ್ಲಿಯೇ ಮಾತನಾಡಿದ. ಟೇಪು ಹಚ್ಚುವ ಮೊದಲು ನಮ್ಮನ್ನು ಕೂರಿಸಿ ಅರ್ಧ ಗಂಟೆ ನಿಯಮಗಳನ್ನು ತಿಳಿಸಿದ್ದು ಈ ಸೇವೆಯ ದೊಡ್ಡ ಗುಣ. ಆಗ ಜಾರಿಯಲ್ಲಿದ್ದ 2016ರ ಬ್ಯಾಗೇಜ್ ನಿಯಮಗಳ ಪ್ರಕಾರ, ಕನಿಷ್ಠ ಎರಡು ವರ್ಷ ಹೊರದೇಶದಲ್ಲಿದ್ದು ವಾಸ ಬದಲಾಯಿಸಿ ಬರುವವರಿಗೆ ಬಳಸಿದ ಗೃಹೋಪಯೋಗಿ ವಸ್ತುಗಳ ಮೇಲೆ 5 ಲಕ್ಷ ರೂಪಾಯಿ ಮೌಲ್ಯದವರೆಗೆ ಸುಂಕ ವಿನಾಯಿತಿ ಇತ್ತು. ಆ ಎರಡು ವರ್ಷಗಳಲ್ಲಿ ರಜೆಗೆಂದು ಊರಿಗೆ ಬಂದ ದಿನಗಳು ಒಟ್ಟು ಆರು ತಿಂಗಳು ಮೀರಿರಬಾರದು ಎಂಬ ಷರತ್ತೂ ಇದ್ದುದರಿಂದ, ಆತ ನಮ್ಮ ಪಾಸ್‌ಪೋರ್ಟಿನ ಮುದ್ರೆಗಳನ್ನು ಒಂದೊಂದಾಗಿ ಲೆಕ್ಕ ಹಾಕಿದ. ಚಪ್ಪಟೆ ಪರದೆಯ ಟಿವಿಗೆ ಈ ವಿನಾಯಿತಿ ಇಲ್ಲ, ಸುಂಕ ಕಟ್ಟಿ ಒಯ್ಯುವುದಕ್ಕಿಂತ ಇಲ್ಲೇ ಕೊಟ್ಟು ಹೋಗಿ ಎಂದ. ಪೆಟ್ಟಿಗೆ ಹೆಚ್ಚಾದಷ್ಟು ತನ್ನ ಕಂಪನಿಗೆ ಲಾಭವಿದ್ದರೂ ಆತ ಹಾಗೆ ಹೇಳಿದ್ದನ್ನು ನಾನು ಮರೆಯಲಾರೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳು ಊರಿನ ವಿದ್ಯುತ್ತಿಗೆ ಹೊಂದುತ್ತವೆ, ಅಲ್ಲಿನ ಚೌಕ ಪಿನ್ನುಗಳ ಪ್ಲಗ್ಗನ್ನು ಮಾತ್ರ ಬದಲಾಯಿಸಿಕೊಳ್ಳಬೇಕು ಎಂದೂ ತಿಳಿಸಿದ.

ಒಂದು ಮಾತು ಮಾತ್ರ ನಮಗೆ ಕಷ್ಟವಾಯಿತು. ಯಾರಾದರೂ ಊರಿಗೆ ಹೊರಟರೆ ಎಲ್ಲರ ಮನೆಗೂ ಪೊಟ್ಟಣ ಒಯ್ಯುವುದು ಅಲ್ಲಿನ ರೂಢಿ. ಶಿರ್ವದ ತಾಯಿಗೆ ಹಾಲಿನ ಪುಡಿ, ಕಟಪಾಡಿಯ ಅತ್ತೆಗೆ ಬಾದಾಮಿ, ಕಾರ್ಕಳದ ತಂಗಿಯ ಮಕ್ಕಳಿಗೆ ಬಟ್ಟೆ ಎಂದು ಒಂಬತ್ತು ಮನೆಯ ಪೊಟ್ಟಣಗಳೂ ನಮ್ಮ ಕೋಣೆಯಲ್ಲಿ ಬಂದು ಕೂತಿದ್ದವು. ಪಟ್ಟಿಯಲ್ಲಿರುವುದೆಲ್ಲ ನಿಮ್ಮ ಮನೆಯಲ್ಲಿ ಬಳಸಿದ ವಸ್ತುಗಳೇ ಆಗಿರಬೇಕು, ಬೇರೆಯವರದ್ದನ್ನು ಸೇರಿಸಬೇಡಿ ಎಂದು ಆತ ಸ್ಪಷ್ಟವಾಗಿ ಹೇಳಿದ. ಹಗುರವಾದ ಕೆಲವನ್ನು ಮಾತ್ರ ವಿಮಾನದ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು, ಉಳಿದವನ್ನು ನಾನೇ ಒಂದೊಂದು ಮನೆಗೆ ಹೋಗಿ ಹಿಂದಿರುಗಿಸಿದೆ. ಬಾಲ್ಕನಿಯ ಕರಿಬೇವಿನ ಗಿಡಕ್ಕೂ, ಗಿಡಗಳ ಮೂಲಕ ರೋಗ, ಕೀಟ ಬಾರದಂತೆ ತಡೆಯುವ ಕ್ವಾರಂಟೈನ್ ಕಾನೂನು ಅಡ್ಡ ಬಂತು. ಕಟ್ಟಡದವರೆಲ್ಲ ಒಗ್ಗರಣೆಗೆ ಎಲೆ ಕೀಳುತ್ತಿದ್ದ ಆ ಕುಂಡವನ್ನು ಎದುರು ಮನೆಯವರಿಗೆ ಒಪ್ಪಿಸಿದೆ.

ಸಂಜೆಯ ಹೊತ್ತಿಗೆ ಹದಿನಾಲ್ಕು ಪೆಟ್ಟಿಗೆಗಳಿಗೂ ಟೇಪು ಬಿದ್ದಿತ್ತು. ಬಂದವರಿಗೆಲ್ಲ ನೆಲದ ಮೇಲೆ ಕೂರಿಸಿ ಕಾಗದದ ಲೋಟದಲ್ಲಿ ಚಹಾ ಕೊಡುತ್ತಿದ್ದಾಗ, ಎರಡನೇ ಮಹಡಿಯ ಅಕ್ಕ ಸೇಮಿಗೆ ಒತ್ತುವ ಮಣೆಯ ಮಾತು ತೆಗೆದರು. ಅದು ನಾನು ಮದುವೆಯಾದ ಹೊಸತರಲ್ಲಿ ಬ್ರಹ್ಮಾವರದಿಂದ ಒಯ್ದದ್ದು, ಆದರೆ ನನ್ನ ಮನೆಯಲ್ಲಿದ್ದುದಕ್ಕಿಂತ ಅವರಿವರ ಮನೆಯಲ್ಲಿದ್ದ ದಿನಗಳೇ ಹೆಚ್ಚು. ಅಕ್ಕ ಅದನ್ನು ಕೇಳಲಿಲ್ಲ, ಇನ್ನು ಮುಂದೆ ಸೇಮಿಗೆಗೆ ಪ್ಯಾಕೆಟ್ಟೇ ಗತಿ ಎಂದರಷ್ಟೆ. ಅದು ಒಂಬತ್ತನೇ ಪೆಟ್ಟಿಗೆಯ ತಳದಲ್ಲಿತ್ತು. ನಾನು ಸಂಕೋಚದಿಂದ ಕೇಳಿದಾಗ ಆ ಯುವಕ ಗಡಿಯಾರ ನೋಡಲಿಲ್ಲ, ಮುಖ ಸಿಂಡರಿಸಲಿಲ್ಲ. ಮೇಲಿನ ಪೆಟ್ಟಿಗೆಗಳನ್ನು ಇಳಿಸಿ, ಟೇಪು ಕತ್ತರಿಸಿ, ಮಣೆಯನ್ನು ತೆಗೆದು ಅಕ್ಕನ ಕೈಗೆ ಕೊಟ್ಟು, ಮತ್ತೆ ತೂಕ ಮಾಡಿ, ಪಟ್ಟಿಯನ್ನು ಹೊಸದಾಗಿ ಬರೆದ. ಕಡಿಮೆಯಾದ ತೂಕದ ಹಣವನ್ನೂ ಬಿಲ್ಲಿನಲ್ಲಿ ಕಳೆದ. ದರ ಬೇರೆ ಕಡೆಗಿಂತ ತುಸು ಹೆಚ್ಚಿದ್ದರೂ ಆ ಒಂದು ಗಂಟೆಗಾಗಿ ನಾನು ಅದನ್ನು ಸಂತೋಷದಿಂದ ಕೊಡುತ್ತೇನೆ.

ಇಲ್ಲಿಗೆ ಬಂದ ಮೇಲಿನ ಸೇವೆ ಅಷ್ಟು ಚೆನ್ನಾಗಿರಲಿಲ್ಲ. ಮೂವತ್ತೈದು ದಿನ ಎಂದದ್ದು ನಲವತ್ತೇಳು ದಿನವಾಯಿತು. ಕೊಚ್ಚಿ ಬಂದರಿನಲ್ಲಿ ಕಸ್ಟಮ್ಸ್ ಕೆಲಸ ತಡವಾಗಿದ್ದರೆ ಅದು ಇವರ ತಪ್ಪಲ್ಲ, ಆದರೆ ಮಂಗಳೂರಿನ ಕಚೇರಿಯವರು ಕರೆ ಎತ್ತದೇ ಇದ್ದದ್ದು ಇವರದೇ ತಪ್ಪು. ಕೊನೆಗೆ ಪೆಟ್ಟಿಗೆಗಳು ಬಂದದ್ದು ತುಳುನಾಡಿನ ಮಳೆಯ ತಿಂಗಳಾದ ಆಟಿಯ ಜಡಿಮಳೆಯಲ್ಲಿ. ಲಾರಿ ಗದ್ದೆ ಬದಿಯ ದಾರಿಯಲ್ಲಿ ಬರಲಾಗದೆ ರಸ್ತೆಯಲ್ಲೇ ನಿಂತಿತು. ಹುಡುಗರು ಟಾರ್ಪಾಲು ಹೊದಿಸಿ ತಲೆಹೊರೆಯಲ್ಲಿ ತಂದರೂ ಒಂದು ಪೆಟ್ಟಿಗೆ ಮೊದಲೇ ಒದ್ದೆಯಾಗಿತ್ತು. ಫೋಟೋ ಆಲ್ಬಮ್‌ಗಳು ಅದರಲ್ಲೇ ಇದ್ದವು. ಸಂಘದ ಯುಗಾದಿ, ಮಕ್ಕಳ ಛದ್ಮವೇಷ, ಕಟ್ಟಡದ ತಾರಸಿಯ ಮೇಲಿನ ಊಟ ಎಲ್ಲ ಒಂದಕ್ಕೊಂದು ಅಂಟಿಕೊಂಡು, ಬಿಡಿಸಲು ಹೋದರೆ ಮುಖಗಳೇ ಕಿತ್ತು ಬರುತ್ತಿದ್ದವು. ಪರಿಹಾರವಾಗಿ ಪೆಟ್ಟಿಗೆಯ ತೂಕಕ್ಕೆ ತಕ್ಕಂತೆ ಸ್ವಲ್ಪ ಹಣ ಕೊಟ್ಟರು. ವಿಮೆ ಮಾಡಿಸುವ ಅವಕಾಶವಿತ್ತೆಂದು ಆಗಲೇ ನಮಗೆ ತಿಳಿದದ್ದು. ನಿಯಮಗಳನ್ನು ಅಷ್ಟು ಚೆನ್ನಾಗಿ ವಿವರಿಸಿದವರು ಇದನ್ನೂ ಮೊದಲೇ ಹೇಳಬೇಕಿತ್ತು. ನಾವು ಬಿಟ್ಟುಬಂದ ನೆರೆಹೊರೆಯವರು ಈ ಸುದ್ದಿ ಕೇಳಿದ್ದೇ ತಡ ತಮ್ಮ ತಮ್ಮ ಫೋನುಗಳಲ್ಲಿದ್ದ ಫೋಟೋಗಳನ್ನೆಲ್ಲ ಹುಡುಕಿ ಕಳುಹಿಸಿದರು, ಆದರೆ 2010ಕ್ಕಿಂತ ಹಿಂದಿನವು ಹೆಚ್ಚೇನೂ ಸಿಗಲಿಲ್ಲ.

ಕಟ್ಟುವ ಕೆಲಸಕ್ಕೆ ಐದರಲ್ಲಿ ಐದು, ಊರಿನ ಕಚೇರಿಯ ಕೆಲಸಕ್ಕೆ ಎರಡು ಅಂಕ ಕೊಡುತ್ತೇನೆ. ಎರಡನೇ ಮಹಡಿಯ ಅಕ್ಕನವರೂ ಬರುವ ಮಾರ್ಚಿನಲ್ಲಿ ಕಾಯಂ ಆಗಿ ಕುಂದಾಪುರಕ್ಕೆ ಬರುತ್ತಿದ್ದಾರೆ. ಅವರಿಗೆ ಇದೇ ಸೇವೆಯನ್ನು ಹೇಳಿದ್ದೇನೆ; ವಿಮೆಯನ್ನು ಬರಹದಲ್ಲಿ ಪಡೆಯಿರಿ, ಆಲ್ಬಮ್‌ಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಮಳೆಗಾಲಕ್ಕೆ ಮೊದಲೇ ಸಾಮಾನು ತಲುಪುವಂತೆ ದಿನ ಗೊತ್ತುಮಾಡಿಕೊಳ್ಳಿ ಎಂದೂ ತಿಳಿಸಿದ್ದೇನೆ. ಸೇಮಿಗೆ ಮಣೆಯನ್ನು ಯಾರ ಮನೆಗೆ ಕೊಟ್ಟು ಬರಲಿ ಎಂದು ಅವರು ನನ್ನನ್ನು ಕೇಳಿದ್ದಾರೆ.