ಕೆರೆಮಣ್ಣಿನ ಮೆರುಗು ಹೊತ್ತ ಬಟ್ಟಲು

ಬೆಂಗಳೂರಿನ ಕನಕಪುರ ರಸ್ತೆಯಿಂದ ಸ್ವಲ್ಪ ಒಳಗಿರುವ ಈ ಕುಂಬಾರಿಕೆ ಸ್ಟುಡಿಯೊದಲ್ಲಿ ಸಿಗುವುದೆಲ್ಲ ಸ್ಟೋನ್‌ವೇರ್. ನಗರದ ಕುಂಬಾರರ ಬಡಾವಣೆ ಪಾಟರಿ ಟೌನ್‌ನಲ್ಲಿ ಕೊಳ್ಳುವ ಹಣತೆ, ಹೂಜಿಗಳು ಸಾಮಾನ್ಯವಾಗಿ 1000 ಡಿಗ್ರಿ ಸೆಲ್ಸಿಯಸ್‌ನೊಳಗೇ ಬೇಯುತ್ತವೆ; ಅದಕ್ಕೇ ನೀರು ಒಸರುತ್ತವೆ, ತಂಪಾಗಿಡುತ್ತವೆ. ಸ್ಟೋನ್‌ವೇರ್ 1200 ದಾಟಬೇಕು. ಆಗ ಮಣ್ಣು ಬಿಗಿದು ಕಲ್ಲಾಗುತ್ತದೆ, ಹುಳಿ, ಎಣ್ಣೆ ಯಾವುದನ್ನೂ ಹೀರುವುದಿಲ್ಲ. ನಮ್ಮ ಉಪ್ಪಿನಕಾಯಿ ಜಾಡಿಯೂ ಇದೇ ಕುಲದ್ದು.

ನನಗೆ ಇಲ್ಲಿ ತುಂಬ ಹಿಡಿಸಿದ್ದು ಕೆರೆಮಣ್ಣಿನ ಪ್ರಯೋಗ. ಕಬ್ಬಿಣ ಹೆಚ್ಚಿರುವ ಈ ಕೆಂಪು ಮಣ್ಣು ಆ ಕಾವಿಗೆ ನಿಲ್ಲದೆ ಕರಗಿಬಿಡುತ್ತದೆ, ಪಾತ್ರೆ ಮಾಡಲು ಬರುವುದಿಲ್ಲ. ಆ ಕರಗುವ ಗುಣವನ್ನೇ ಇಲ್ಲಿ ಪಾತ್ರೆ ಮಾಡುವಾಕೆ ದುಡಿಸಿಕೊಂಡಿದ್ದಾರೆ. ಮಣ್ಣನ್ನು ಸೋಸಿ, ಕಟ್ಟಿಗೆಯ ಬೂದಿ ಬೆರೆಸಿ, ಬಿಳಿ ಮಣ್ಣಿನ ಪಾತ್ರೆಗೆ ಮೆರುಗಾಗಿ (ಗ್ಲೇಜ್, ಅಂದರೆ ಬೇಯುವಾಗ ಕರಗಿ ಗಾಜಿನಂತಾಗುವ ಲೇಪ) ಬಳಿಯುತ್ತಾರೆ. ನಾನು ಕೊಂಡ ಬಟ್ಟಲಿನ ಅಂಚು ಹುಣಸೆಬೀಜದ ಬಣ್ಣ. ಬೂದಿ ದಟ್ಟವಾದಲ್ಲಿ ಜೇನುಬಣ್ಣದ ಗೆರೆಗಳು ಇಳಿದು, ಬುಡಕ್ಕೆ ಕೂದಲೆಳೆಯಷ್ಟು ಮೇಲೆ ದಪ್ಪ ಹನಿಯಾಗಿ ನಿಂತಿವೆ. ಇನ್ನಷ್ಟು ಇಳಿದಿದ್ದರೆ ಬಟ್ಟಲು ಬೇಯಿಸುವ ಗೂಡಿನ ಹಲಗೆಗೆ ಅಂಟಿಕೊಳ್ಳುತ್ತಿತ್ತು. ಗೋಡೆಗೆ ನೇತುಹಾಕಿದ ಪರೀಕ್ಷಾ ಬಿಲ್ಲೆಗಳ ಹಿಂದೆ ಬೂದಿ ಎಷ್ಟು, ಮೆರುಗು ಕರಗಲು ಬೆರೆಸುವ ಫೆಲ್ಡ್‌ಸ್ಪಾರ್ ಖನಿಜದ ಪುಡಿ ಎಷ್ಟು ಎಂದು ಬರೆದಿಟ್ಟಿದ್ದಾರೆ. ಕೇಳಿದರೆ ಮುಚ್ಚುಮರೆಯಿಲ್ಲದೆ ತೋರಿಸುತ್ತಾರೆ, ಕೆಟ್ಟುಹೋದವನ್ನೂ.

ಗೂಡು ಗ್ಯಾಸಿನದು. ಗಾಳಿ ತಗ್ಗಿಸಿದರೆ ಬೆಂಕಿ ಮೆರುಗಿನೊಳಗಿನ ಆಮ್ಲಜನಕವನ್ನೇ ಸೆಳೆದುಕೊಳ್ಳುತ್ತದೆ: ಹಸಿರಾಗಬೇಕಿದ್ದ ತಾಮ್ರ ಕೆಂಪಾಗುತ್ತದೆ, ಚೂರು ಕಬ್ಬಿಣ ತಿಳಿಹಸಿರು ಕೊಡುತ್ತದೆ. ಕಾವು ಹದಕ್ಕೆ ಬಂದದ್ದನ್ನು ಇಣುಕುಕಿಂಡಿಯ ಮುಂದೆ ಇಟ್ಟ, ಗೊತ್ತಾದ ಕಾವಿಗೆ ಮೆತ್ತಗಾಗಿ ಬಾಗುವ ಪುಟ್ಟ ಕೋನ್‌ಗಳು ಹೇಳುತ್ತವೆ. ಪೂರ್ತಿ ಆರುವ ತನಕ ಬಾಗಿಲು ತೆರೆಯುವುದಿಲ್ಲ, ಗಿರಾಕಿ ಎಷ್ಟೇ ಅವಸರಪಡಿಸಲಿ. ಅದು ಸರಿ, ಬಿಸಿಯಲ್ಲೇ ತೆರೆದರೆ ಪಾತ್ರೆ ಸೀಳುತ್ತದೆ.

ಬೆಲೆ ಬಟ್ಟಲಿಗೆ 900 ರೂಪಾಯಿ. ದುಬಾರಿಯೇ, ಆದರೆ ಕೊಟ್ಟದ್ದಕ್ಕೆ ಬೇಸರವಿಲ್ಲ. ದಿನವೂ ಇದರಲ್ಲೇ ಮೊಸರು ಹೆಪ್ಪುಹಾಕುತ್ತೇನೆ, ಬಿಸಿ ಸಾರು ಬಡಿಸುತ್ತೇನೆ. ಕಲೆಯಾಗಲಿ ವಾಸನೆಯಾಗಲಿ ಉಳಿದಿಲ್ಲ. ಒಲೆಯ ಉರಿಗೆ ಮಾತ್ರ ನೇರವಾಗಿ ಇಡುವ ಹಾಗಿಲ್ಲ.

ದೂರು ಒಂದಿದೆ. ಮೆರುಗಿಲ್ಲದ ಬುಡವನ್ನು ಸರಿಯಾಗಿ ಉಜ್ಜಿರಲಿಲ್ಲ, ಊಟದ ಮೇಜಿನ ಮೇಲೆ ಗೀರು ಬಿದ್ದಿತು. ಇಷ್ಟು ಶ್ರದ್ಧೆಯ ಕೆಲಸದಲ್ಲಿ ಇದೊಂದು ಉಳಿಯಬಾರದಿತ್ತು. ಕೊಳ್ಳುವ ಮುನ್ನ ಬುಡದ ಮೇಲೆ ಬೆರಳಾಡಿಸಿ ನೋಡಿ. ಒರಟಾಗಿದ್ದರೆ ಅಲ್ಲೇ ಉಜ್ಜಿಸಿಕೊಳ್ಳಿ. ಒಂದೇ ಬಣ್ಣದ ಆರು ಬಟ್ಟಲು ಬೇಕೆನ್ನುವವರು ಬೇರೆ ಅಂಗಡಿ ನೋಡುವುದು ಒಳ್ಳೆಯದು.