ಟಿಮಕ್ಸ್, ಮೋಶ್, ಕಾಕ್‌ಪಿಟ್: ಘಾಟಿ ದಾಟಿದ್ದು ಯಾವುದು?

ಹೋದ ಮಳೆಗಾಲದವರೆಗೂ, ದೂರದ ಸರ್ವರ್‌ಗೆ ಲಾಗಿನ್ ಆಗಿ ಆಜ್ಞೆ ಕೊಡುವ ಎಸ್‌ಎಸ್‌ಎಚ್ ಒಂದರಲ್ಲೇ ದಿನ ದೂಡುತ್ತಿದ್ದೆ. ಇಪ್ಪತ್ತಮೂರು ಸರ್ವರ್, ನೋಡಿಕೊಳ್ಳುವವನು ನಾನೊಬ್ಬ. ಕಚೇರಿ ಬೆಂಗಳೂರಿನಲ್ಲಿ, ಮನೆ ಪುತ್ತೂರಿನಲ್ಲಿ. ಊರಿಗೆ ಹೋಗುವ ಹಗಲು ರೈಲಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲೆಯೇ ಇರುತ್ತದೆ. ಸಕಲೇಶಪುರ ದಾಟಿದರೆ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗಗಳು. ಜಲಪಾತ ಕಂಡು ಬೋಗಿಯೆಲ್ಲ ಕೂಗುವಾಗ ನಾನು ಮೊಬೈಲಿನ ಸಿಗ್ನಲ್ ಕಡ್ಡಿ ಎಣಿಸುತ್ತಿರುತ್ತೇನೆ.

ಅಂಥ ಒಂದು ಪ್ರಯಾಣದಲ್ಲಿ ಡೆಬಿಯನ್ ಲಿನಕ್ಸ್ ಓಡುವ ಸರ್ವರ್ ಒಂದಕ್ಕೆ ಅಪ್‌ಗ್ರೇಡ್ ಕೊಟ್ಟೆ. ಅರ್ಧದಲ್ಲಿ ಅದು ‘ಹಳೆಯ ಕಾನ್ಫಿಗ್ (ಸೆಟ್ಟಿಂಗ್ ಕಡತ) ಇಟ್ಟುಕೊಳ್ಳಲೇ, ಹೊಸದು ಹಾಕಲೇ’ ಎಂದು ಕೇಳಿತು. ಉತ್ತರ ಒತ್ತುವ ಮೊದಲೇ ಸುರಂಗ ಬಂತು. ಹೊರಬರುವಾಗ ಮೊಬೈಲಿಗೆ ಬೇರೆ ಐಪಿ ವಿಳಾಸ ಸಿಕ್ಕಿತ್ತು, ಹಳೆಯ ಸಂಪರ್ಕ ಹೆಣವಾಗಿತ್ತು. ಸರ್ವರ್ ಕೆಲವು ನಿಮಿಷ ಕಾದು ಸೆಷನ್ ಕಡಿದುಹಾಕಿತು. ಅದರೊಂದಿಗೆ ಅಪ್‌ಗ್ರೇಡ್ ಕೂಡ ಸತ್ತು, ಪ್ಯಾಕೇಜುಗಳು ಅರೆಬೆಂದ ಅನ್ನದಂತೆ ಉಳಿದವು. ಮನೆ ಮುಟ್ಟಿದ ಮೇಲೆ ಡಿಪಿಕೆಜಿ ಎಂಬ ಪ್ಯಾಕೇಜ್ ಉಪಕರಣದಿಂದ ಅವನ್ನು ಮತ್ತೆ ಕೂರಿಸಿ ಸರಿಮಾಡುವಾಗ ರಾತ್ರಿ ಒಂದು ಗಂಟೆ. ಮರುದಿನದಿಂದಲೇ ಪರ್ಯಾಯ ಹುಡುಕತೊಡಗಿದೆ.

ಈಗ ನಾನು ಟಿಮಕ್ಸ್ ಕಡೆಯವನು, ಅಂದರೆ ಸಂಪರ್ಕ ಕಡಿದರೂ ಸೆಷನ್ನನ್ನು ಸರ್ವರ್‌ನಲ್ಲೇ ಜೀವಂತ ಇಡುವ ಉಪಕರಣದ ಕಡೆಯವನು. ಅದನ್ನು ಮುಚ್ಚಿಟ್ಟು ತಕ್ಕಡಿ ಹಿಡಿದವನಂತೆ ನಟಿಸುವುದಿಲ್ಲ.

ಆದರೆ ಮೊದಲು ಮನಸೋತದ್ದು ಮೋಶ್‌ಗೆ. 2012ರಲ್ಲಿ ಎಂಐಟಿಯಲ್ಲಿ ಹುಟ್ಟಿದ ಇದು ಲಾಗಿನ್ ಮಾತ್ರ ಎಸ್‌ಎಸ್‌ಎಚ್‌ನಿಂದ ಮಾಡಿಸಿ, ಮುಂದಿನ ಮಾತುಕತೆಯನ್ನು ಯುಡಿಪಿ ಎಂಬ, ನಿರಂತರ ಸಂಪರ್ಕ ಬೇಡದ ಸಂವಹನ ವಿಧಾನಕ್ಕೆ ಒಪ್ಪಿಸುತ್ತದೆ. ಐಪಿ ಬದಲಾದರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸುರಂಗದೊಳಗೆ ತೆರೆಯ ಮೇಲ್ಗಡೆ ಒಂದು ನೀಲಿ ಪಟ್ಟಿ ಬಂದು, ಕೊನೆಯ ಸಂಪರ್ಕವಾಗಿ ಇಷ್ಟು ಸೆಕೆಂಡ್ ಆಯಿತು ಎಂದು ಎಣಿಸುತ್ತಿತ್ತು. ಬೆಳಕು ಬಂದೊಡನೆ ಪಟ್ಟಿ ಮಾಯ, ಕರ್ಸರ್ ಇದ್ದಲ್ಲೇ ಹಾಜರ್. ಸಿಗ್ನಲ್ ಕುಂಟುವಾಗಲೂ ಒತ್ತಿದ ಅಕ್ಷರ ತಕ್ಷಣ ಕಾಣುತ್ತದೆ. ಆ ಸುಖವನ್ನು ಟಿಮಕ್ಸ್ ಕೊಡುವುದಿಲ್ಲ, ಒಪ್ಪುತ್ತೇನೆ.

ತೊಡಕು ಎದುರಾದದ್ದು ಲಾಗ್ ಓದುವಾಗ. ರಾತ್ರಿ ಡೇಟಾಬೇಸ್ ಯಾಕೆ ಬಿತ್ತು ಎಂದು ನೋಡಲು ಸರ್ವರ್ ತನ್ನ ಆಗುಹೋಗು ಬರೆದಿಡುವ ಲಾಗ್ ಕಡತವನ್ನು ತೆರೆಯ ಮೇಲೆ ಸುರಿದೆ. ಕೊನೆಯ ನಲವತ್ತು ಸಾಲು ನಿಂತಿತು. ದೋಷ ಇದ್ದದ್ದು ಅದಕ್ಕಿಂತ ಮೇಲೆ. ಮೌಸ್ ಉರುಳಿಸಿದರೆ ಬಂದದ್ದು ಲಾಗಿನ್ ಆಗುವ ಮುಂಚೆ ನನ್ನದೇ ಲ್ಯಾಪ್‌ಟಾಪಿನಲ್ಲಿ ಬರೆದ ಹಳೆಯ ಸಾಲುಗಳು! ಮೋಶ್ ತೆರೆಯ ಈಗಿನ ಚಿತ್ರವನ್ನಷ್ಟೇ ಹೊಂದಿಸಿಕೊಳ್ಳುತ್ತದೆ, ಹರಿದುಹೋದದ್ದನ್ನು ಇಟ್ಟುಕೊಳ್ಳುವುದಿಲ್ಲ. ಮರೆತು ಮರೆತು ದಿನಕ್ಕೆ ಹತ್ತು ಸಲ ಉರುಳಿಸಿದೆ, ಹತ್ತು ಸಲ ಬೈದುಕೊಂಡೆ. ಇದಕ್ಕೆ ಬಲ್ಲವರ ಪರಿಹಾರ: ಮೋಶ್ ಒಳಗೆ ಟಿಮಕ್ಸ್ ಓಡಿಸಿ. ಹೇಗೂ ಟಿಮಕ್ಸ್ ಬೇಕೆಂದಾದರೆ ಮೋಶ್ ಯಾಕೆ ಎಂಬ ಪ್ರಶ್ನೆ ಅಲ್ಲೇ ಹುಟ್ಟಿತು.

ಸರ್ವರ್‌ನ ಬಾಗಿಲುಗಳಾದ ಪೋರ್ಟ್‌ಗಳ ಕಥೆ ಇನ್ನೊಂದು. ಮೋಶ್‌ಗೆ ಯುಡಿಪಿ 60000ದಿಂದ 61000ದವರೆಗೆ ತೆರೆದಿರಬೇಕು. ನೆಟ್‌ವರ್ಕ್ ವಿಭಾಗದ ಹಿರಿಯರ ಬಳಿ ಅರ್ಜಿ ಹಿಡಿದುಕೊಂಡು ಹೋದೆ. “ಏನ್ರೀ, ಎಸ್‌ಎಸ್‌ಎಚ್‌ನ 22ನೇ ಬಾಗಿಲು ಒಂದನ್ನು ಕಾಯುವುದೇ ನಮಗೆ ಸಾಕಾಗಿದೆ. ನೀವು ಸಾವಿರದ ಒಂದು ಕೇಳುತ್ತೀರಲ್ಲ?” ಎಂದರು. ಹತ್ತು ಸಾಕು ಸರ್ ಎಂದು ಚೌಕಾಶಿಗಿಳಿದೆ. ಮೋಶ್‌ಗೆ ಚಿಕ್ಕ ವ್ಯಾಪ್ತಿಯನ್ನೂ ಹೇಳಬಹುದು. ಅರ್ಜಿ ಮೂರು ಮೇಜು ತಿರುಗಿ, ‘ಕಾರಣ ವಿವರಿಸಿ’ ಎಂದು ಮರಳಿ ಬಂತು. ಕಾರಣದ ಜಾಗದಲ್ಲಿ ‘ಸುರಂಗ’ ಎಂದು ಬರೆಯಲು ಧೈರ್ಯವಾಗಲಿಲ್ಲ.

ಸರ್ವರ್ ನೋಡಿಕೊಳ್ಳಲು ಬ್ರೌಸರಿನಲ್ಲಿ ತೆರೆಯುವ ಕಾಕ್‌ಪಿಟ್ ಚಂದ. ಬ್ರೌಸರಿನಲ್ಲಿ 9090 ಪೋರ್ಟ್ ತೆರೆದರೆ ಮೆಮೊರಿ, ಡಿಸ್ಕ್, ನಿಂತುಹೋದ ಸೇವೆಗಳು ಎಲ್ಲ ಕಣ್ಣೆದುರು. ಕಚೇರಿಯಲ್ಲಿ ಕೂತವರಿಗೆ ಕೊಡಿ. ರೈಲಿನಲ್ಲಿ ಸಂಪರ್ಕ ಹರಿದ ಪ್ರತಿ ಸಲವೂ ಅದು ಲಾಗಿನ್ ಪುಟ ತೋರಿಸುವಾಗ, ಬಾಗಿಲಲ್ಲಿ ನಿಲ್ಲಿಸಿ ಹೆಸರು ಕೇಳುವ ನೆಂಟರ ಮನೆಯ ನೆನಪಾಗುತ್ತದೆ.

ಪ್ರತಿ ಸರ್ವರ್‌ಗೂ ತಿಂಗಳ ಬಾಡಿಗೆ ಕೇಳುವ ಪ್ಯಾನೆಲ್‌ಗಳನ್ನು ಮುಟ್ಟಲಿಲ್ಲ. ಇಪ್ಪತ್ತಮೂರರಿಂದ ಗುಣಿಸಿದೆ, ಬೆಲೆಯ ಪುಟ ಮುಚ್ಚಿದೆ.

ಉಳಿದದ್ದು ಟಿಮಕ್ಸ್. ಹೊಸ ಪೋರ್ಟ್ ಬೇಡ, ಅರ್ಜಿ ಬೇಡ, ಒಂದು ಜಿಬಿ ಮೆಮೊರಿಯ ಬಡ ಯಂತ್ರದಲ್ಲೂ ಓಡುತ್ತದೆ. ಸೆಷನ್ ಸರ್ವರ್‌ನಲ್ಲೇ ಉಳಿಯುವುದರಿಂದ ನನ್ನ ಕಡೆ ಸಂಪರ್ಕ ಹೋದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಕೊರತೆ ಇಲ್ಲವೆಂದಲ್ಲ: ಟಿಮಕ್ಸ್‌ಗೆ ಆಜ್ಞೆ ಕೊಡುವ ಮುನ್ನ ಒತ್ತುವ ಕಂಟ್ರೋಲ್-ಬಿ ಬೆರಳಿಗೆ ಹತ್ತಲು ಎರಡು ವಾರ ಬೇಕಾಯಿತು, ಟಿಮಕ್ಸ್ ಒಳಗೆ ಇನ್ನೊಂದು ಟಿಮಕ್ಸ್ ತೆರೆದುಕೊಂಡರೆ ಯಾರಿಗೆ ಆಜ್ಞೆ ಕೊಡುತ್ತಿದ್ದೇನೆ ಎಂಬುದೇ ಮರೆಯುತ್ತದೆ. ಮರಳಿ ಸೇರಿಕೊಂಡಾಗ ಟಿಮಕ್ಸ್‌ನ ಹಳೆಯ ಕಿಟಕಿಗಳಿಗೆ, ನನ್ನ ಲಾಗಿನ್ ಕೀಲಿ ಹಿಡಿದಿರುವ ಎಸ್‌ಎಸ್‌ಎಚ್ ಏಜೆಂಟ್ ಸಿಗುವುದಿಲ್ಲ. ಹೊಸ ಕಿಟಕಿ ತೆರೆದು ಮುಂದುವರಿಯುತ್ತೇನೆ.

ಎಲ್ಲ ಸರ್ವರ್‌ಗೂ ಒಂದೇ ಕೆಲಸವಿದ್ದರೆ ಅದನ್ನು ಒಟ್ಟಿಗೆ ಮಾಡಿಸುವ ಆನ್ಸಿಬಲ್ ಇದ್ದೇ ಇದೆ, ಅದು ಇವುಗಳ ಎದುರಾಳಿಯಲ್ಲ. ಅದನ್ನೂ ಕಚೇರಿಯ ಯಂತ್ರವೊಂದರ ಟಿಮಕ್ಸ್ ಒಳಗೇ ಓಡಿಸುತ್ತೇನೆ.

ಕಳೆದ ತಿಂಗಳು ಅದೇ ಘಾಟಿ, ಅದೇ ಬಗೆಯ ಅಪ್‌ಗ್ರೇಡ್. ಕಾನ್ಫಿಗ್ ಪ್ರಶ್ನೆ ಬಂದಾಗ ರೈಲು ಸುರಂಗದೊಳಗಿತ್ತು. ಲ್ಯಾಪ್‌ಟಾಪ್ ಮುಚ್ಚಿ ಕಿಟಕಿಯಾಚೆ ನೋಡುತ್ತ ಕೂತೆ. ಸುಬ್ರಹ್ಮಣ್ಯ ರೋಡ್‌ನಲ್ಲಿ ಎರಡು ಚಟ್ಟಂಬಡೆ ತಿಂದು, ಕೈಯ ಎಣ್ಣೆ ಒರೆಸಿಕೊಂಡು ಮತ್ತೆ ಸೇರಿಕೊಂಡೆ. ಪ್ರಶ್ನೆ ಅಲ್ಲೇ ಕಾಯುತ್ತಿತ್ತು. ಹಳೆಯದೇ ಇರಲಿ ಎಂದೆ.